ಗೆದ್ದಲಿನ ಮಾತು ಎತ್ತಬೇಡಿ

ಆ ಭಾನುವಾರ ಬೆಳಿಗ್ಗೆ ನಾನು ತಾರಸಿಯ ಮೇಲೆ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಯುಗಾದಿಗೆ ಇನ್ನು ಹನ್ನೆರಡು ದಿನವಿತ್ತು. ಮೂರು ದಿನ ನೆನೆಸಿದ ಅಕ್ಕಿಯನ್ನು ರುಬ್ಬಿ, ಗಂಜಿ ಕಾಯಿಸಿ, ಹಸಿಮೆಣಸಿನಕಾಯಿ, ಉಪ್ಪು, ಜೀರಿಗೆ ಬೆರೆಸಿ, ನಮ್ಮನೆಯವರ ಹಳೆಯ ಪಂಚೆಯೊಂದನ್ನು ನೀರಲ್ಲಿ ಹಿಂಡಿ ಹಾಸಿದ್ದೆ. ಅದರ ಮೇಲೆ ಚಮಚದಲ್ಲಿ ಒಂದೊಂದಾಗಿ ಬಿಡುತ್ತ ಅರ್ಧ ಪಂಚೆ ತುಂಬಿಸಿದ್ದೆ. ಗಾಳಿ ಇರಲಿಲ್ಲ, ಧೂಳು ಇರಲಿಲ್ಲ, ಪಕ್ಕದ ಮನೆಯವರು ಅಂದು ಹಾಸಿಗೆ ಕೊಡವಲೂ ಇಲ್ಲ. ಇಂಥ ಸಣ್ಣ ಪುಟ್ಟ ಕೃಪೆಗಳನ್ನು ನಾನು ಬೆರಳಲ್ಲಿ ಎಣಿಸಿಕೊಳ್ಳುತ್ತೇನೆ. ದೊಡ್ಡವು ಹೇಗೂ ತಾವಾಗಿಯೇ ಕಾಣುತ್ತವೆ.

ಕೆಳಗೆ ಫೋನು ಬಡಿದುಕೊಂಡಿತು. ಅತ್ತೆಯ ಕೂಗು ಅದಕ್ಕಿಂತ ಜೋರಾಗಿತ್ತು.

"ಏ, ಬೇಗ ಬಾರೇ! ಮಲ್ಲೇಶ್ವರದವ್ರು! ನಿನ್ನ ಹತ್ರಾನೇ ಮಾತಾಡ್ಬೇಕಂತೆ!"

ಮಲ್ಲೇಶ್ವರದವರು ಎಂದರೆ ನನ್ನ ಮೈದುನನಿಗೆ ಗೊತ್ತು ಮಾಡಿದ್ದ ಹುಡುಗಿಯ ಮನೆಯವರು. ಯುಗಾದಿ ಕಳೆದು ಒಂದು ವಾರಕ್ಕೆ ನಿಶ್ಚಿತಾರ್ಥ. ಬಸವನಗುಡಿಯ ನಮ್ಮ ಮನೆಯಲ್ಲಿ ಆಗಲೇ ಒಬ್ಬಟ್ಟಿನ ಲೆಕ್ಕಾಚಾರ ಶುರುವಾಗಿತ್ತು. ತಾರಸಿಯ ಮೂಲೆಯಲ್ಲಿ ಒಂದು ರೂಮಿತ್ತು. ಅದರಲ್ಲಿ ಬಾಡಿಗೆಗಿದ್ದವರು ಮೈದುನನ ಸ್ನೇಹಿತರೊಬ್ಬರು, ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದರು.

"ಮೇಷ್ಟ್ರೇ, ಸ್ವಲ್ಪ ಕಾಗೆ ನೋಡ್ಕೊಳಿ," ಎಂದು ಹೇಳಿ, ಹಿಟ್ಟಿನ ಕೈಯಲ್ಲೇ ಇಳಿದು ಓಡಿದೆ.

ಫೋನಿನಲ್ಲಿ ಇದ್ದವರು ಹುಡುಗಿಯ ದೊಡ್ಡಮ್ಮ.

"ನಿನ್ನೆ ನಿಮ್ಮನ್ನ ಟೀವೀಲಿ ನೋಡಿದ್ವಿ ಕಣ್ರೀ."

"ನನ್ನನ್ನಾ?"

"ನಿಮ್ಮನ್ನೇ. ಹಸಿರು ಸೀರೆ ಉಟ್ಕೊಂಡು ದಸರಾ ಗೊಂಬೆ ಮುಂದೆ ನಿಂತಿದ್ರಿ. ಬಾಯ್ತುಂಬ ನಗ್ತಿದ್ರಿ."

"ಅಯ್ಯೋ, ಬಂದೇಬಿಡ್ತಾ! ಯಾವ ಚಾನೆಲ್ಲು?"

"ಚಾನೆಲ್ಲು ಬಿಡಿ. ಯಾವ ಕಾರ್ಯಕ್ರಮ ಅಂತ ಕೇಳಿ." ಅವರ ದನಿ ಇಳಿಯಿತು. "ನಾನು ಬಾಯಲ್ಲಿ ಹೇಳಲ್ಲ. ಇವತ್ತು ಮೂರು ಗಂಟೆಗೆ ಇನ್ನೊಂದ್ಸಲ ಹಾಕ್ತಾರಂತೆ, ನೀವೇ ನೋಡಿ. ಅಲ್ಲೀವರ್ಗೂ ನಿಶ್ಚಿತಾರ್ಥದ ಮಾತು ಬೇಡ ಅಂತ ನಮ್ಮ ಯಜಮಾನ್ರು. ತಪ್ಪು ತಿಳ್ಕೋಬೇಡಿ, ಹುಡುಗಿ ಜೀವನ ನೋಡಿ."

ಫೋನು ಇಟ್ಟಾಗ ರಿಸೀವರಿಗೆ ನಾಲ್ಕು ಬೆರಳಿನ ಹಿಟ್ಟು ಮೆತ್ತಿತ್ತು. ಅದನ್ನು ಸೆರಗಿನಲ್ಲಿ ಒರೆಸುವಾಗಲೇ ನನಗೆ ವಿಷಯ ಹೊಳೆದುಹೋಯಿತು. ಇಬ್ಬರು ರಾಜರು!

ಇದನ್ನು ತಿಳಿಯಲು ಹಿಂದಿನ ದಸರಾಕ್ಕೆ ಹೋಗಬೇಕು. ನಮ್ಮಲ್ಲಿ ಮದುವೆಯಾಗುವ ಹೆಣ್ಣಿಗೆ ತವರಿನವರು ಪಟ್ಟದ ಗೊಂಬೆ ಕೊಡುತ್ತಾರೆ. ಮರದ ರಾಜ, ಮರದ ರಾಣಿ, ಒಂದು ಜೋಡಿ. ವರ್ಷವರ್ಷವೂ ಅವಕ್ಕೆ ಹೊಸ ರೇಷ್ಮೆ ತುಂಡು ಉಡಿಸಿ, ಗೊಂಬೆ ಹಬ್ಬದ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲೆ ಕೂರಿಸುತ್ತೇವೆ. ನಮ್ಮ ಮನೆಯಲ್ಲಿ ಎರಡು ಜೋಡಿ, ಅತ್ತೆಯದೊಂದು, ನನ್ನದೊಂದು. ಹಬ್ಬ ಮುಗಿದ ಮೇಲೆ ಎತ್ತಿಡುವ ಕೆಲಸ ಅತ್ತೆಯದು, ಅದರಲ್ಲಿ ಅವರದೇ ಮಡಿ. ರಾಜರಿಬ್ಬರೂ ತಗಡಿನ ಟ್ರಂಕಿನಲ್ಲಿ, ರಾಣಿಯರಿಬ್ಬರೂ ಮರದ ಪೆಟ್ಟಿಗೆಯಲ್ಲಿ. ಗಂಡುಹೆಣ್ಣು ಒಂದೇ ಪೆಟ್ಟಿಗೆಯಲ್ಲಿ ವರ್ಷಪೂರ್ತಿ ಮಲಗುವುದು ಅವರಿಗೆ ಸರಿಬರುತ್ತಿರಲಿಲ್ಲ.

"ಗೊಂಬೆಗಳಲ್ವಾ ಅತ್ತೆ?" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಗೊಂಬೆಗಳಾದ್ರೇನು, ಮರ್ಯಾದೆ ಬೇಡ್ವಾ?" ಎಂದಿದ್ದರು.

ಆ ವರ್ಷ ಪಾಡ್ಯದ ಹಿಂದಿನ ದಿನ ಅಟ್ಟದಿಂದ ಇಳಿಸಿ ನೋಡಿದರೆ ಮರದ ಪೆಟ್ಟಿಗೆಯೊಳಗೆ ಮಣ್ಣು. ಗೆದ್ದಲು ಇಬ್ಬರು ರಾಣಿಯರನ್ನೂ ಒಳಗಿನಿಂದ ತಿಂದು ಮುಗಿಸಿತ್ತು. ಮೂಗುಬೊಟ್ಟು ಒಂದು ಉಳಿದಿತ್ತು. ತಗಡಿನ ಟ್ರಂಕಿನಲ್ಲಿ ರಾಜರಿಬ್ಬರೂ ಪೇಟ ಅಲುಗದೆ, ಅಕ್ಕಪಕ್ಕ, ಸುಖವಾಗಿ ಮಲಗಿದ್ದರು.

ಮೈದುನನನ್ನು ಜೊತೆಗೆ ಕರೆದುಕೊಂಡು ನಗರ್ತಪೇಟೆಗೆ ಹೋದೆ. ಅಂಗಡಿಯವನು ಒಂಟಿ ರಾಣಿ ಕೊಡಲು ಒಪ್ಪಲಿಲ್ಲ. "ರಾಣೀನ ನೀವು ತಗೊಂಡ್ ಹೋದ್ರೆ ಉಳಿದ ರಾಜನ್ನ ಯಾರಮ್ಮ ತಗೋತಾರೆ?" ಎಂದ. ಮೈದುನ ಪಕ್ಕಕ್ಕೆ ತಿರುಗಿ ನಕ್ಕುಬಿಟ್ಟ. ಹೊಸ ಜೋಡಿಯನ್ನೇ ಕೊಳ್ಳೋಣವೆಂದರೆ, ಪಟ್ಟದ ಗೊಂಬೆ ತವರಿನಿಂದ ಬರಬೇಕೇ ಹೊರತು ಅಂಗಡಿಯಿಂದ ನಾವೇ ತರುವಂತಿಲ್ಲವೆಂದು ಅತ್ತೆಯ ಅಪ್ಪಣೆಯಾಗಿತ್ತು. ಬರಿಗೈಯಲ್ಲಿ ಬಂದೆವು. ಮರುದಿನ ಕಲಶ ಇಡುವ ಹೊತ್ತಿಗೆ, ಒಬ್ಬೊಬ್ಬನನ್ನೇ ಬೇರೆ ಬೇರೆ ಕೂರಿಸುವುದು ಅಪಶಕುನದಂತೆ ಕಂಡು, ಇಬ್ಬರನ್ನೂ ಜೊತೆಯಾಗಿ ಕೂರಿಸಿದೆ. ಒಬ್ಬನಿಗೆ ಹಸಿರು ರೇಷ್ಮೆ, ಒಬ್ಬನಿಗೆ ಕೆಂಪು. ಎದುರಿಗೆ ದೀಪ. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಹಬ್ಬದ ಎಂಟನೆಯ ದಿನ ವಿದೇಶದ ಟೀವಿಯವರು ಬಂದರು. ಹಳೆಯ ಬಡಾವಣೆಗಳ ಮನೆಗಳಲ್ಲಿ ಗೊಂಬೆ ಕೂರಿಸುವುದನ್ನು ಚಿತ್ರ ಹಿಡಿಯುತ್ತಿದ್ದರಂತೆ. ಕ್ಯಾಮೆರಾ ಹಿಡಿದ ದೊಡ್ಡ ಆಳೊಬ್ಬ, ಕೂದಲು ಮೊಟಕಾಗಿ ಕತ್ತರಿಸಿಕೊಂಡ ಚೂಟಿ ಹುಡುಗಿಯೊಬ್ಬಳು. ಅವಳಿಗೆ ಕನ್ನಡ ಬಾರದು, ನನಗೆ ಅವಳ ಇಂಗ್ಲಿಷ್ ಅರ್ಧ ಸಿಗದು. ಮಧ್ಯೆ ಮೇಷ್ಟ್ರು ನಿಂತರು. ಅವಳು ಮೆಟ್ಟಿಲ ಮೇಲೆ ನೋಡಿದವಳು ನೇರವಾಗಿ ರಾಜರಿಗೇ ಕೈ ತೋರಿಸಿದಳು. ಬೇರೆಲ್ಲ ಮನೆಗಳಲ್ಲೂ ರಾಜ ರಾಣಿ, ಇಲ್ಲಿ ಯಾಕೆ ಹೀಗೆ?

ನಾನು ಬಾಯಿ ತೆರೆಯುವ ಮೊದಲು ಅತ್ತೆ ನನ್ನ ಸೊಂಟಕ್ಕೆ ತಿವಿದರು.

"ಗೆದ್ಲು ಗಿದ್ಲು ಅಂತ ಎತ್ಬೇಡ ಕಣೇ. ಸಂಬಂಧ ನೋಡ್ತಿದೀವಿ. ಗೆದ್ಲು ಹಿಡಿದಿರೋ ಮನೇಗೆ ಯಾರು ಹೆಣ್ಣು ಕೊಡ್ತಾರೆ? ಮೇಷ್ಟ್ರೇ, ನೀವೂ ಅಷ್ಟೆ, ಹೇಳಿದೀನಿ!"

ಸುಳ್ಳು ನನಗೆ ಒಗ್ಗದು. ಗೆದ್ದಲನ್ನು ಬಿಟ್ಟು ಉಳಿದ ನಿಜವನ್ನಷ್ಟೇ ಹೇಳಿದೆ. ಇವು ಹಿರಿಯರ ಕಾಲದ ಗೊಂಬೆಗಳು, ಯಾರನ್ನೂ ಜೊತೆ ಇಲ್ಲದೆ ಕೂರಿಸಬಾರದು, ಇವರಿಬ್ಬರೂ ಬಹಳ ವರ್ಷದಿಂದ ಒಟ್ಟಿಗಿದ್ದಾರೆ, ಅದಕ್ಕೇ ಹೀಗೆ. ಮೇಷ್ಟ್ರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಒಂದಕ್ಷರ ಸೇರಿಸಲಿಲ್ಲ ಎಂದು ಇವತ್ತಿಗೂ ಆಣೆ ಇಡುತ್ತಾರೆ. ಆ ಹುಡುಗಿಯ ಕಣ್ಣಲ್ಲಿ ಮಾತ್ರ ನೀರು ಬಂತು. ನನ್ನ ಕೈ ಹಿಡಿದುಕೊಂಡಳು. ಹೋಗುವಾಗ ಅವಳಿಗೆ ಕುಂಕುಮ ಕೊಟ್ಟು, ಕಡಲೆಕಾಳಿನ ಉಸಲಿ ಕಟ್ಟಿಕೊಟ್ಟೆ. ಪಾಪ, ಖಾರ ಹೆಚ್ಚಾಗಿ ಕಣ್ಣಲ್ಲಿ ಇನ್ನೊಂದು ಸಲ ನೀರು ಬಂತು.

ಅತ್ತೆಯ ಜಾಗ್ರತೆ ಫಲ ಕೊಟ್ಟಿತು. ಸಂಕ್ರಾಂತಿಯ ಹೊತ್ತಿಗೆ ಮಲ್ಲೇಶ್ವರದ ಸಂಬಂಧ ಕೂಡಿಬಂತು.

ಮೈದುನನಿಗೆ ಆಗ ಮೂವತ್ತಮೂರು. ನಾನು ಈ ಮನೆಗೆ ಬಂದಾಗ ಹದಿನಾಲ್ಕರವನು. ಅವನ ಮುಖ ಓದುವುದು ನನಗೆ ಪಂಚಾಂಗ ಓದುವುದಕ್ಕಿಂತ ಸುಲಭ. ಮೇಷ್ಟ್ರು ಮೇಲಿನ ರೂಮಿಗೆ ಬಂದು ಆರು ವರ್ಷವಾಗಿತ್ತು. ಭಾನುವಾರ ಸಂಜೆ ಇವನು ವಾರಕ್ಕೆ ಬೇಕಾದ ಶರ್ಟುಗಳನ್ನು ಇಸ್ತ್ರಿ ಮಾಡುತ್ತಿದ್ದ. ಆರು ತನ್ನವು, ಆರು ಬೇರೆ ಅಳತೆಯವು. ಮೇಷ್ಟ್ರಿಗೆ ಚಿತ್ರಾನ್ನದ ಕಡಲೆಬೀಜ ಆಗದು. ಅವರು ಆರಿಸಿ ಪಕ್ಕಕ್ಕಿಟ್ಟದ್ದನ್ನು ಇವನು ಕೇಳದೆ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದ. ನಮ್ಮನೆಯವರು ಇಪ್ಪತ್ತು ವರ್ಷದಲ್ಲಿ ನನ್ನ ತಟ್ಟೆಯಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿದವರಲ್ಲ. ನನಗೆ ಕಾಣದೇ ಇರುತ್ತದೆಯೇ? ಮೇಷ್ಟ್ರು ನನ್ನನ್ನು 'ಅತ್ತಿಗೆ' ಎಂದೇ ಕರೆಯುತ್ತಿದ್ದರು. ನಾನು ತಿದ್ದಲಿಲ್ಲ.

ಹೆಣ್ಣು ನೋಡಿ ಬಂದ ಮರುವಾರ ನಾನು ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಾಗ ಮೈದುನ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತ.

"ಅತ್ತಿಗೆ, ನಂಗೆ ಈ ಮದ್ವೆ ಬೇಡ."

"ಹುಡುಗಿ ಚೆನ್ನಾಗಿಲ್ವೇನೋ?"

"ಹುಡುಗಿ ಚೆನ್ನಾಗಿದಾಳೆ. ಅದೇ ಕಷ್ಟ. ಅವ್ಳಿಗೆ ಮೋಸ ಮಾಡ್ದಂಗಾಗತ್ತೆ."

ನಾನು ತುರಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನು ಎದ್ದು ಹೋಗುತ್ತಿದ್ದ. "ಮೇಷ್ಟ್ರಿಗೆ ಗೊತ್ತಾ?" ಎಂದೆ.

"ಅವ್ರು ಚಾಮರಾಜಪೇಟೇಲಿ ರೂಮ್ ನೋಡ್ಕೊಂಡಿದಾರೆ. ನಿಶ್ಚಿತಾರ್ಥ ಆದ್ಮೇಲೆ ಹೋಗ್ಬಿಡ್ತಾರಂತೆ."

"ಅಮ್ಮಂಗೆ ಹೇಳು."

"ನೀವು ಹೇಳಿ ಅತ್ತಿಗೆ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಕಾರಂಜಿ ಆಂಜನೇಯನ ಗುಡಿಗೆ ಏಳು ಶನಿವಾರ ಹೋಗಿ ಪ್ರದಕ್ಷಿಣೆ ಹಾಕಿದೆ. ಏನು ಬೇಡಿಕೊಳ್ಳಬೇಕೆಂದು ಗೊತ್ತಾಗದೆ, 'ನಿನಗೇ ಗೊತ್ತಲ್ಲಪ್ಪ' ಎಂದಷ್ಟೇ ಹೇಳಿ ಬರುತ್ತಿದ್ದೆ. ಬಾಯಿ ನೇರ ಎಂದು ಹೆಸರಾದವಳು ನಾನು. ತರಕಾರಿಯವನಿಗೆ, ಹಾಲಿನವನಿಗೆ, ಗುಡಿಯ ಅರ್ಚಕರಿಗೆ ಬೇಕಾದರೂ ಹೇಳಬಲ್ಲೆ. ಅತ್ತೆಯ ಎದುರು ಮಾತ್ರ ಒಂದಲ್ಲ ಒಂದು ನೆಪ. ಇವತ್ತು ಏಕಾದಶಿ, ಇವತ್ತು ಅವರಿಗೆ ಮಂಡಿ ನೋವು. ಹಾಗೇ ಯುಗಾದಿ ಹನ್ನೆರಡು ದಿನಕ್ಕೆ ಬಂತು.

ಮೂರು ಗಂಟೆಗೆ ಟೀವಿಯ ಮುಂದೆ ಕೂತೆವು. ಅತ್ತೆ ಈಜಿಚೇರಿನಲ್ಲಿ, ಮೈದುನ ಬಾಗಿಲ ಬಳಿ, ನಾನು ಕೆಳಗೆ. ನಮ್ಮನೆಯವರು ಯಾರದೋ ಉಪನಯನಕ್ಕೆ ಹೋಗಿದ್ದರು, ಅದೂ ಒಂದು ಕೃಪೆ. ಮೇಷ್ಟ್ರು ಊಟಕ್ಕೆ ಇಳಿದುಬಂದವರು, ಯಾರೂ ಸರಿಯಾಗಿ ಮಾತಾಡದ್ದು ನೋಡಿ, ಕಾಗೆ ಕಾಯುವ ನೆಪದಲ್ಲಿ ಮತ್ತೆ ಮೇಲೆ ಹೋಗಿದ್ದರು.

ಕಾರ್ಯಕ್ರಮ ಏನೆಂದರೆ, ಗಂಡಸರನ್ನು ಮೆಚ್ಚುವ ಗಂಡಸರು, ಹೆಂಗಸರನ್ನು ಮೆಚ್ಚುವ ಹೆಂಗಸರು ಲೋಕದಲ್ಲಿ ಎಲ್ಲೆಲ್ಲಿ ಹೇಗೆ ಹಬ್ಬ ಮಾಡುತ್ತಾರೆ ಎನ್ನುವುದು. ಎಲ್ಲೋ ಒಂದು ಊರಲ್ಲಿ ಬಣ್ಣಬಣ್ಣದ ಬಾವುಟ ಹಿಡಿದು ಮೆರವಣಿಗೆ. ಲಾರಿ ಮೇಲೆ ರೆಕ್ಕೆ ಕಟ್ಟಿಕೊಂಡು ಕುಣಿತ. ಇನ್ನೆಲ್ಲೋ ಇಬ್ಬರು ಮುದುಕರ ಮದುವೆ, ಮೂರು ಅಂತಸ್ತಿನ ಕೇಕು. ಆಮೇಲೆ ನೋಡಿದರೆ ನಮ್ಮ ಜಗಲಿ, ನಮ್ಮ ರಂಗೋಲಿ, ನಮ್ಮ ಇಬ್ಬರು ರಾಜರು, ಹಸಿರು ಸೀರೆಯ ನಾನು.

"ಅಯ್ಯೋ, ಬಂತು ನೋಡೇ!" ಎಂದು ಅತ್ತೆ ಕ್ಷಣ ಮರೆತು ಕೈ ತಟ್ಟಿದರು. "ಏನಂತಾನೋ ಅವ್ನು?"

ಮೈದುನ ಗಂಟಲು ಸರಿಮಾಡಿಕೊಂಡ. "ನಮ್ಮನೆ ಚೆನ್ನಾಗಿದೆ ಅಂತಿದಾನಮ್ಮ."

"ಇಷ್ಟುದ್ದ ಹೇಳಿದ್ನಲ್ಲೋ?"

"ತುಂಬಾ ಚೆನ್ನಾಗಿದೆ ಅಂತ."

"ನೆಟ್ಟಗೆ ಹೇಳೋ!"

ಅವನು ಹೇಳಿದ. ಈ ಹಳೆಯ ನಗರದ ಭಕ್ತ ಮನೆತನಗಳಲ್ಲಿ ತಲೆಮಾರುಗಳಿಂದ ಇಬ್ಬರು ರಾಜರನ್ನು ದಂಪತಿಗಳೆಂದು ಪೂಜಿಸುವ ಪದ್ಧತಿ ನಡೆದುಬಂದಿದೆಯಂತೆ. ಈ ಗೃಹಿಣಿ ಅದನ್ನು ಉಳಿಸಿಕೊಂಡು ಬಂದ ಧೀರೆಯಂತೆ.

ಧೀರೆ! ಅತ್ತೆಗೆ ಒಂದು ವಿಷಯ ಹೇಳಲು ಎರಡು ತಿಂಗಳಿಂದ ನಡುಗುತ್ತಿದ್ದವಳು ನಾನು.

ಧೀರೆಯ ಮುಖ ಮಾಯವಾಗಿ ಜಾಹೀರಾತು ಬಂತು. ಇಂಥ ಜೋಡಿಗಳಿಗೆಂದೇ ಹೊರಡುವ ಹಡಗಿನ ಪ್ರವಾಸ, ಆಮೇಲೆ ಸೆಂಟು, ಆಮೇಲೆ ಇಬ್ಬರು ಗಂಡಸರು ಒಂದೇ ಕನ್ನಡಿಯಲ್ಲಿ ಗಡ್ಡ ಹೆರೆದುಕೊಳ್ಳುವ ಬ್ಲೇಡು. ಯಾರು ಯಾರಿಗೆ ಜೊತೆ ಎಂಬುದು ಹಡಗಿನವನಿಗೆ ಗೊತ್ತಾಗಿದೆ, ಸೆಂಟಿನವನಿಗೆ ಗೊತ್ತಾಗಿದೆ, ಬ್ಲೇಡಿನವನಿಗೂ ಗೊತ್ತಾಗಿದೆ, ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಏನೂ ಗೊತ್ತಿಲ್ಲ ಎಂದು ನನಗನ್ನಿಸಿ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. (ಆ ರಾಜರು ಇನ್ನೂ ಬಹಳ ದೂರ ಹೋದರು. ಐದಾರು ವರ್ಷದ ಮೇಲೆ ನನ್ನ ಅಕ್ಕನ ಮಗಳು ಯಾವುದೋ ದೇಶದ ವಿಮಾನ ನಿಲ್ದಾಣದಿಂದ ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಯೊಂದನ್ನು ತಂದುಕೊಟ್ಟಳು. ಹಸಿರು ರೇಷ್ಮೆಯ ರಾಜ, ಕೆಂಪು ರೇಷ್ಮೆಯ ರಾಜ, ಹಿಂದುಗಡೆ ಚೀನಾದಲ್ಲಿ ತಯಾರಾದದ್ದು ಎಂದು ಬರೆದಿತ್ತು. ಗ್ಯಾಸಿನ ರಸೀದಿ ಸಿಕ್ಕಿಸಲು ಅನುಕೂಲವಾಗಿದೆ.)

ಅತ್ತೆ ನಗಲಿಲ್ಲ. ಟೀವಿ ಆರಿಸಿದರು. ಫೋನಿನ ಹತ್ತಿರ ಹೋಗಿ, ರಿಸೀವರ್ ಎತ್ತಿ ನನ್ನ ಕೈಗಿಟ್ಟರು. ಬೆಳಗಿನ ಹಿಟ್ಟು ಅದರ ಮೇಲೆ ಇನ್ನೂ ಪುಡಿಯಾಗಿ ಅಂಟಿತ್ತು.

"ಈಗ್ಲೇ ಮಲ್ಲೇಶ್ವರಕ್ಕೆ ಫೋನ್ ಮಾಡು. ಪದ್ಧತೀನೂ ಇಲ್ಲ ಏನೂ ಇಲ್ಲ, ರಾಣೀರನ್ನ ಗೆದ್ಲು ತಿಂದಿತ್ತು ಅಂತ ಹೇಳ್ಬಿಡು. ಒಂದೇ ಮಾತು. ಅವ್ರೂ ನಗ್ತಾರೆ, ಮುಗೀತು."

ಅವರು ಹೇಳಿದ್ದು ಸರಿಯಾಗಿತ್ತು. ಅದೊಂದು ಮಾತು ಸಾಕಿತ್ತು. ಅದು ನಿಜವೂ ಆಗಿತ್ತು. ಬಾಗಿಲ ಬಳಿ ಮೈದುನ ಚಿಲಕ ಹಿಡಿದು ನಿಂತಿದ್ದ. ಆ ಮುಖವನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ, ಅವನ ಅಪ್ಪ ತೀರಿಕೊಂಡ ದಿನ.

"ಹೇಳ್ತೀನಿ ಅತ್ತೆ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಗೆದ್ಲು ನಿಜ, ಹೇಳ್ತೀನಿ. ಆದ್ರೆ ಹುಡುಗ ಮನಸ್ಸಿಟ್ಟು ಒಪ್ಪಿದಾನಾ ಅಂತ ಅವ್ರು ಕೇಳಿದ್ರೆ ಅದಕ್ಕೂ ನಿಜಾನೇ ಹೇಳ್ತೀನಿ. ಒಂದಕ್ಕೆ ನಿಜ, ಒಂದಕ್ಕೆ ಸುಳ್ಳು ನನ್ ಕೈಲಾಗಲ್ಲ. ಅಲ್ಲೂ ಒಬ್ರ ಮನೆ ಹುಡುಗಿ ಇದಾಳೆ."

ರಿಸೀವರಿನೊಳಗಿಂದ ಡಯಲ್ ಟೋನ್ ಗುಂಯ್ ಎನ್ನುತ್ತಲೇ ಇತ್ತು. ಅತ್ತೆ ಮಗನ ಕಡೆ ತಿರುಗಿದರು.

"ಏನೋ ಇದು?"

"ನಂಗೆ ಬೇಡಮ್ಮ. ಈ ಮದ್ವೆ ಅಂತಲ್ಲ, ಯಾವ ಮದ್ವೇನೂ." "ನಾನು ಹೀಗೇ ಇರ್ತೀನಿ. ಇಲ್ಲೇ. ಈಗ ಇರೋ ಹಾಗೇನೇ."

"ಇಷ್ಟ್ ದಿನ ಬಾಯಲ್ಲೇನಿಟ್ಕೊಂಡಿದ್ದೆ?"

"ಗೆದ್ಲನ್ನೇ ಹೇಳ್ಬೇಡಿ ಅಂದೋಳು ನೀನು. ಇದನ್ನ ನಿನ್ ಹತ್ರ ಹೇಗಮ್ಮ ಹೇಳ್ಲಿ?"

ಅತ್ತೆ ಈಜಿಚೇರಿಗೆ ವಾಪಸು ಹೋಗಿ ಕೂತರು. ಜಪಮಣಿ ಎತ್ತಿಕೊಂಡರು, ಒಂದು ಮಣಿಯನ್ನೂ ಸರಿಸಲಿಲ್ಲ. ನಾನು ರಿಸೀವರ್ ಮೆಲ್ಲಗೆ ಕೆಳಗಿಟ್ಟೆ. ಎಪ್ಪತ್ತು ವರ್ಷ ಎಲ್ಲವನ್ನೂ ಸರಿಯಾದ ಪೆಟ್ಟಿಗೆಯಲ್ಲಿಟ್ಟು ಬಾಳಿದ ಹೆಂಗಸು ಅವರು. ಏನು ಯೋಚಿಸುತ್ತಿದ್ದರೋ, ನನಗೆ ತಿಳಿಯುವ ದಾರಿ ಇರಲಿಲ್ಲ. ಕಣ್ಣು ಮಾತ್ರ ಒಮ್ಮೆ ಒರೆಸಿಕೊಂಡರು.

ತಾರಸಿಯಿಂದ "ಹುಶ್! ಹುಶ್!" ಎಂದು ಕೇಳಿತು. ಮೇಷ್ಟ್ರು ಕಾಲೇಜಿನಲ್ಲಿ ಪಾಠ ಹೇಳುವ ದನಿಯಲ್ಲೇ ಕಾಗೆಗೆ ಗದರುತ್ತಿದ್ದರು.

ಅತ್ತೆ ಮುಖ ಎತ್ತಿ ಚಾವಣಿ ನೋಡಿದರು.

"ಬೆಳಗ್ಗೆಯಿಂದ ಅವ್ರೇನಾ ಮೇಲಿರೋದು?"

"ಹೂಂ."

"ಈ ಬಿಸಿಲಲ್ಲಿ?"

"ಹೂಂ ಅತ್ತೆ."

"ಬುದ್ಧಿ ಬೇಡ್ವಾ ನಿಮಗೆ, ನೆತ್ತಿ ಸುಟ್ಟೋಗಲ್ವಾ?" ಎಂದು ಮಗನನ್ನು ಗದರಿದರು. "ಹೋಗೋ, ಅಡುಗೆಮನೇಲಿ ಮಜ್ಜಿಗೆ ಇದೆ, ಎರಡು ಲೋಟ ತಗೊಂಡ್ ಹೋಗು. ಛತ್ರೀನೂ ತಗೊ. ದೊಡ್ಡದು, ಇಬ್ರಿಗೂ ಆಗತ್ತೆ."

ಮೈದುನ ನಿಂತೇ ಇದ್ದ.

"ಹೋಗೋ ಅಂದ್ರೆ! ಚಾಮರಾಜಪೇಟೇಲಿ ರೂಮ್ ಬೇಡ ಅಂತಾನೂ ಹೇಳು. ಅಡ್ವಾನ್ಸ್ ಕೊಟ್ಟಿದ್ರೆ ವಾಪಸ್ ತಗೊಳ್ಳಿ."

ಚಾಮರಾಜಪೇಟೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯ ಗೋಡೆಯ ಆಚೆಗೇ ದೇವರ ಮನೆ, ನಾನು ಕಾಯಿ ತುರಿಯುವ ಹೊತ್ತಿಗೆ ಅತ್ತೆ ಅಲ್ಲಿ ಹೂಬತ್ತಿ ಹೊಸೆಯುತ್ತಿರುತ್ತಾರೆ ಎನ್ನುವುದು ನನಗೆ ಆಗ ನೆನಪಾಯಿತು. ಎರಡು ತಿಂಗಳು ನಾನೊಬ್ಬಳೇ ನಡುಗುತ್ತಿದ್ದೇನೆ ಅಂದುಕೊಂಡಿದ್ದೆ.

ಮೈದುನ ಮಜ್ಜಿಗೆ ತುಳುಕಿಸಿಕೊಂಡು ಮೆಟ್ಟಿಲು ಹತ್ತಿದ. ಛತ್ರಿ ಕಂಕುಳಲ್ಲಿತ್ತು. ಅತ್ತೆ ಎದ್ದು ಬಂದು ಫೋನಿನ ಮುಂದೆ ಕೂತು, ಕನ್ನಡಕ ಏರಿಸಿಕೊಂಡು, ನಂಬರ್ ಬರೆದ ಪುಸ್ತಕ ಬಿಡಿಸಿದರು.

"ನಾನೇ ಮಾತಾಡ್ತೀನಿ. ನಿಮ್ಮ ಹುಡುಗೀಗೆ ಇದಕ್ಕಿಂತ ಒಳ್ಳೇ ಕಡೆ ಆಗತ್ತೆ, ದೇವ್ರು ನೋಡ್ಕೋತಾನೆ ಅಂತೀನಿ. ಅಷ್ಟೆ." ಡಯಲ್ ಮಾಡುತ್ತ ಮಾಡುತ್ತ ನನ್ನನ್ನು ದುರುಗುಟ್ಟಿ ನೋಡಿದರು. "ಗೆದ್ಲಿನ ಮಾತು ಮಾತ್ರ ನಾನೂ ಎತ್ತಲ್ಲ, ನೀನೂ ಎತ್ಬೇಡ. ಏನ್ ನಿಂತ್ಕೊಂಡ್ ನೋಡ್ತಿದೀಯ? ಸಂಡಿಗೆ ಒಣಗಿರತ್ತೆ, ಬಿಡಿಸ್ಬೇಡ್ವಾ?"

ಚೊಂಬಿನಲ್ಲಿ ನೀರು ತುಂಬಿಕೊಂಡು ಮೇಲೆ ಹೋದೆ. ಇಬ್ಬರೂ ಒಂದೇ ಛತ್ರಿಯ ಕೆಳಗೆ ಲೋಟ ಹಿಡಿದು ಕೂತಿದ್ದರು. ಮೇಷ್ಟ್ರು ನನ್ನನ್ನು ನೋಡಿ ಗಡಬಡಿಸಿ ಎದ್ದರು. ಕಣ್ಣು ಕೆಂಪಾಗಿತ್ತು.

"ಅತ್ತಿಗೆ, ಒಂದು ಸಂಡಿಗೇನೂ ಹೋಗಿಲ್ಲ."

"ಎರಡು ಹೋಗಿದೆ," ಎಂದ ಮೈದುನ. "ಅದು ಕಾಗೆಯಲ್ಲ, ಇವ್ರೇ ತಿಂದಿದ್ದು."

"ಹಸಿ ಹಿಟ್ಟು ತಿಂದ್ರೆ ಹೊಟ್ಟೆ ನೋಯತ್ತೆ ಮೇಷ್ಟ್ರೇ," ಎಂದೆ. "ಬನ್ನಿ, ಆ ಕಡೆ ತುದಿ ಇಬ್ರೂ ಹಿಡ್ಕೊಳಿ."

ಪಂಚೆಯನ್ನು ಮಗುಚಿ ಹಾಸಿದೆವು. ಬೆನ್ನಿಗೆ ನೀರು ಚಿಮುಕಿಸಿ, ಬಟ್ಟೆ ನೆನೆಯುವವರೆಗೆ ಕಾದು, ಹರಿಯದಂತೆ ಒಂದೊಂದೇ ಸಂಡಿಗೆಯನ್ನು ಬಿಡಿಸಿ ಮೊರಕ್ಕೆ ಹಾಕತೊಡಗಿದೆ.